ನಲವತ್ತು ಬೀಜ, ಒಂದು ದಾರ

ಲೆಕ್ಕದಲ್ಲಿ ತನ್ನನ್ನು ಮೀರಿಸುವವರು ಆಶ್ರಮದಲ್ಲಿ ಯಾರೂ ಇಲ್ಲ ಎಂದು ಓಬಣ್ಣ ನಂಬಿದ್ದ. ಅದು ಸುಳ್ಳೂ ಆಗಿರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ.

ಆಶ್ರಮ ಕೆರೆಯ ಏರಿಯ ಮೇಲಿತ್ತು. ತೂಬಿನ ಕಲ್ಲುಕಂಬದ ಮೇಲೆ ಗೇಣಿಗೊಂದರಂತೆ ಹನ್ನೆರಡು ಗೆರೆಗಳಿದ್ದವು. ಎಂಟನೆಯ ಗೆರೆಗಿಂತ ಕೆಳಗೆ ನೀರು ಇಳಿದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಆ ವರ್ಷ ಹಿಂಗಾರು ಕೈಕೊಟ್ಟಿತು. ತೂಬು ತೆಗೆದು ನಲವತ್ತು ದಿನಕ್ಕೆ ನೀರು ಹನ್ನೆರಡರಿಂದ ಎಂಟಕ್ಕೆ ಬಂತು.

ಬೋರಕ್ಕ ಆಶ್ರಮದ ಜಗಲಿಗೆ ಬಂದು ಕೂತಳು. ಕೆರೆಯ ಕೆಳಗೆ ಅವಳಿಗೆ ಇದ್ದದ್ದು ಒಂದೇ ತುಂಡು ಗದ್ದೆ.

“ಗುರುಗಳೇ, ಬಿತ್ತನೆ ಭತ್ತ ಒಂದೇ ಚೀಲ ಐತೆ. ಬೆಳೆ ಕೈಗೆ ಬರಾಕೆ ಎಂಬತ್ತು ದಿನ ನೀರು ಬೇಕು. ನಡುವೆ ನೀರು ನಿಂತೋದ್ರೆ ಬೀಜಾನೂ ಹೋಯ್ತು, ಬೆಳೇನೂ ಹೋಯ್ತು. ಕೆರೆ ಅಷ್ಟು ದಿನ ಕೊಡ್ತದಾ?”

ಗುರು ತಿಪ್ಪಯ್ಯನವರು ಶಿಷ್ಯನ ಕಡೆ ತಿರುಗಿದರು.

“ದಿನಾ ಕಂಬ ನೋಡ್ತಿರೋನು ನೀನು. ಹೇಳಪ್ಪ.”

ಓಬಣ್ಣ ಕಾಯುತ್ತಿದ್ದದ್ದೇ ಇದಕ್ಕೆ. ಜಗಲಿಯ ಮೇಲೆ ಸುಣ್ಣದಿಂದ ಒಂದು ಉದ್ದ ಗೆರೆ ಎಳೆದ. ಅದು ಕೆರೆಯ ತಳ. ಎಡದಿಂದ ಬಲಕ್ಕೆ ದಿನ, ಕೆಳಗಿನಿಂದ ಮೇಲಕ್ಕೆ ನೀರಿನ ಎತ್ತರ. ದಿನಕ್ಕೊಂದರಂತೆ, ಆ ದಿನದ ನೀರಿನ ಎತ್ತರಕ್ಕೆ, ನಲವತ್ತು ಹುಣಸೆಬೀಜ ಇಟ್ಟ. ಬೀಜಗಳ ನಡುವೆ ಹಾಯುವಂತೆ ಒಂದು ದಾರವನ್ನು ಬಿಗಿಯಾಗಿ ಎಳೆದು, ಎರಡೂ ತುದಿಗೆ ಕಲ್ಲು ಇಟ್ಟ.

ಕೊನೆಯ ಬೀಜ ದಾರಕ್ಕಿಂತ ಕೊಂಚ ಕೆಳಗೆ ಬಿದ್ದಿತ್ತು. ಯಾರೂ ನೋಡುತ್ತಿಲ್ಲ ಎಂದುಕೊಂಡು ಅದನ್ನು ಬೆರಳ ತುದಿಯಿಂದ ದಾರದ ಹತ್ತಿರಕ್ಕೆ ತಳ್ಳಿದ.

“ನಲವತ್ತು ದಿನಕ್ಕೆ ನಾಲ್ಕು ಗೆರೆ ಇಳಿದದೆ. ಗೆರೆಗೆ ಹತ್ತು ದಿನ. ಇನ್ನು ಎಂಟು ಗೆರೆ ನೀರೈತೆ, ಎಂಬತ್ತು ದಿನ ಬರ್ತದೆ. ಭತ್ತ ಹಾಕಕ್ಕ.”

ಬೋರಕ್ಕನ ಮುಖ ಅರಳಿತು. “ಹಂಗಾದ್ರೆ ಇವತ್ತೇ ನೆನೆಹಾಕ್ತೀನಿ” ಎಂದು ಎದ್ದಳು.

“ಮಜ್ಜಿಗೆ ಕುಡ್ಕೊಂಡು ಹೋಗು, ತಾಯಿ” ಎಂದರು ಗುರುಗಳು.

ಆಮೇಲೆ ದಾರದ ಪಕ್ಕ ಕುಕ್ಕರುಗಾಲಲ್ಲಿ ಕೂತರು.

“ಬೀಜ ಎಲ್ಲ ದಾರದ ಮೇಲೇ ಇದಾವಾ?”

“ಒಂದು ಬೆರಳು ಆಚೆ ಈಚೆ ಇದಾವೆ ಗುರುಗಳೇ. ಅಳೆಯೋವಾಗ ಅಷ್ಟು ತಪ್ಪು ಆಗ್ತದೆ.”

“ಯಾವುದು ಆಚೆ, ಯಾವುದು ಈಚೆ?”

ಓಬಣ್ಣ ಅದನ್ನು ನೋಡಿರಲಿಲ್ಲ. ಈಗ ನೋಡಿದ. ಮೊದಲಿನ ಬೀಜಗಳು ದಾರದ ಕೆಳಗಿದ್ದವು. ನಡುವಿನವು ಮೇಲಿದ್ದವು. ಕೊನೆಯವು ಮತ್ತೆ ಕೆಳಗಿದ್ದವು.

“ನಿನ್ನ ಕಣ್ಣು ತಪ್ಪಿದ್ದಾಗಿದ್ರೆ ಒಂದು ಮೇಲೆ, ಒಂದು ಕೆಳಗೆ, ಹೆಂಗೆಂಗೋ ಬೀಳಬೇಕಿತ್ತು. ಇವು ಗುಂಪು ಕಟ್ಕೊಂಡು ಕೂತಿದಾವಲ್ಲ?”

“ಬರೀ ಒಂದು ಬೆರಳು, ಗುರುಗಳೇ.”

ಗುರುಗಳು ವಾದ ಮಾಡಲಿಲ್ಲ. “ಹೊತ್ತಾಯ್ತು, ಮಜ್ಜಿಗೆ ಬಡಿಸು” ಎಂದರು.

ಆಶ್ರಮದಲ್ಲಿ ಮಧ್ಯಾಹ್ನ ಬಂದವರಿಗೆಲ್ಲ ಮಜ್ಜಿಗೆ ಕೊಡುವ ಪದ್ಧತಿ. ಅದಕ್ಕೊಂದು ಹಳೆಯ ಹಿತ್ತಾಳೆ ಬಾನಿ. ಬಾಯಿ ಅಗಲ, ತಳ ಕಿರಿದು. ಓಬಣ್ಣ ಹನ್ನೆರಡು ಜನಕ್ಕೆ ಒಂದೊಂದು ಲೋಟ ಬಡಿಸಿದ.

“ಎಷ್ಟು ಇಳೀತು?” ಎಂದರು ಗುರುಗಳು.

“ಬಾನಿ ಎತ್ತರದ ಮೂರರಲ್ಲಿ ಒಂದು ಪಾಲು.”

“ಇನ್ನೆಷ್ಟು ಜನಕ್ಕಾಗ್ತದೆ?”

“ಇಪ್ಪತ್ನಾಲ್ಕು.” ಇಂಥ ಸುಲಭದ ಪ್ರಶ್ನೆಗೆ ಓಬಣ್ಣನಿಗೆ ನಗು ಬಂತು.

“ಸರಿ, ಇಪ್ಪತ್ನಾಲ್ಕು ಜನಾನ ಕೂರಿಸು.”

ಕೂತರು. ಸಾಲಿನ ಕೊನೆಗೆ ಬೋರಕ್ಕ. ಓಬಣ್ಣ ಬಡಿಸುತ್ತ ಹೋದ. ಒಂಬತ್ತು ಜನಕ್ಕೆ ತುಂಬಿದ ಲೋಟ ಸಿಕ್ಕಿತು. ಹತ್ತನೆಯವನಿಗೆ ಅರ್ಧ. ಸೌಟು ತಳಕ್ಕೆ ಬಡಿದು ಸದ್ದಾಯಿತು.

ಹದಿನಾಲ್ಕು ಜನ ಖಾಲಿ ಲೋಟ ಹಿಡಿದು ಅವನನ್ನೇ ನೋಡುತ್ತಿದ್ದರು. ಬೋರಕ್ಕನೂ ನೋಡುತ್ತಿದ್ದಳು.

ಓಬಣ್ಣನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಅವಳ ಲೋಟ ಕಂಡು ಭಯವಾಯಿತು. ಇವಳ ಮನೆಯಲ್ಲಿ ಇರುವ ಒಂದೇ ಚೀಲವನ್ನು ತಾನು ನೀರಿಗೆ ಹಾಕಿಸಲು ಹೊರಟಿದ್ದ.

“ಅಕ್ಕ, ಭತ್ತ ನೆನೆಹಾಕಬ್ಯಾಡ.”

“ಕೆರೆ ತಳಾನೂ ಈ ಬಾನಿ ಹಂಗೇ ಕಿರಿದೈತಾ ಗುರುಗಳೇ?” ಎಂದು ಬೋರಕ್ಕ ಕೇಳಿದಳು.

“ಕೆರೆ ತಳ ನಾನೂ ಕಂಡಿಲ್ಲ, ತಾಯಿ. ನಲವತ್ತು ಬೀಜ ಏನೋ ಹೇಳ್ತಾ ಇದಾವೆ. ಇವನನ್ನ ಕೇಳು.”

ಓಬಣ್ಣ ಜಗಲಿಗೆ ಓಡಿದ. ಮೊದಲು ಕೊನೆಯ ಬೀಜವನ್ನು ಅದು ಇದ್ದ ಜಾಗಕ್ಕೇ ತಂದಿಟ್ಟ. ಕಲ್ಲು ತೆಗೆದು ದಾರವನ್ನು ಸಡಿಲ ಮಾಡಿ, ಬೀಜಗಳು ಬಾಗಿದ ಕಡೆಗೇ ಬಾಗಿಸಿದ. ಈ ಸಲ ಬೀಜಗಳು ಅಲ್ಲೊಂದು ಮೇಲೆ, ಇಲ್ಲೊಂದು ಕೆಳಗೆ, ಯಾವ ಗುಂಪೂ ಇಲ್ಲದೆ ದಾರಕ್ಕೆ ಒತ್ತಿಕೊಂಡು ಕೂತವು.

ಅದೇ ಬಾಗನ್ನು ಮುಂದಕ್ಕೂ ಒಯ್ದ. ದಾರ ಹೋದಹಾಗೆಲ್ಲ ಇನ್ನಷ್ಟು ಕಡಿದಾಗಿ ಇಳಿದು ಸುಣ್ಣದ ಗೆರೆ ಮುಟ್ಟಿತು. ದಿನ ಎಣಿಸಿದ.

“ಮೂವತ್ತೆರಡು. ಎಂಬತ್ತಲ್ಲ ಅಕ್ಕ, ಮೂವತ್ತೆರಡು. ಹುರುಳಿ ಹಾಕು. ಎರಡು ಸಲ ನೀರು ಕಟ್ಟಿದ್ರೆ ಸಾಕು, ಅದು ಬರ್ತದೆ.”

ಬೋರಕ್ಕ ಖಾಲಿ ಲೋಟವನ್ನು ಜಗಲಿಯ ಮೇಲಿಟ್ಟಳು.

“ಆಗ್ಲಿ. ಭತ್ತ ಮುಂಗಾರಿಗಾದ್ರೂ ಉಳೀತದೆ” ಎಂದು ಹೊರಟಳು. ಓಬಣ್ಣನಿಗೆ ಹೋದ ಜೀವ ಬಂದಂತಾಯಿತು.

ಜೀವದ ಜೊತೆಗೆ ಹಳೆಯ ಹೆಮ್ಮೆಯೂ ಬಂತು.

“ಈಗ ಸರಿಯಾದ ದಾರ ಸಿಕ್ಕಿತು ಗುರುಗಳೇ. ಇನ್ನು ದಿನಾ ಕಂಬ ನೋಡೋ ಕೆಲಸ ಇಲ್ಲ. ಮೂವತ್ತೆರಡನೇ ದಿನ ಕೆರೆ ಬತ್ತುತ್ತದೆ.”

ಗುರುಗಳು ಕೊನೆಯ ಬೀಜದ ಮೇಲೆ ಬೆರಳಿಟ್ಟರು.

“ಇಲ್ಲೀವರೆಗೂ ಹೇಳಿದ್ದು ಯಾರು?”

“ಕೆರೆ.”

ಬೆರಳು ದಾರದ ಮೇಲೆ ಮುಂದಕ್ಕೆ ಸರಿಯಿತು. “ಇಲ್ಲಿಂದಾಚೆಗೆ?”

ಓಬಣ್ಣ ತಡೆದು ಹೇಳಿದ. “ನಾನು.”

ಗುರುಗಳು ಡಬ್ಬಿಯಿಂದ ಇನ್ನೊಂದು ಹುಣಸೆಬೀಜ ತೆಗೆದು ಅವನ ಅಂಗೈಯಲ್ಲಿಟ್ಟರು.

“ನಾಳೆ ಬೆಳಗ್ಗೆ ಕಂಬ ನೋಡ್ಕೊಂಡು ಬಂದು ಇದನ್ನಿಡು. ದಾರದಿಂದ ದೂರ ಬಿದ್ರೆ, ಸರಿಸಬೇಕಾದ್ದು ದಾರಾನ.”