ವೈದ್ಯ ಕುಡಿದ ಮೊದಲ ಗುಟುಕು

“ಗುರುಗಳೇ, ಬೆಟ್ಟದ ಸೀಮೆಯಿಂದ ಬಂದ ಆ ಹೊಸ ಶಿಷ್ಯ ಊಟಕ್ಕೆ ಕೂತಾಗಲೆಲ್ಲ ನಮಗೆ ಬೆನ್ನು ಹಾಕಿ ಕೂರುತ್ತಾನೆ. ಇದೆಂಥ ಸೊಕ್ಕು? ಅವನನ್ನು ಮಠದಿಂದ ಕಳಿಸಿಬಿಡಬಾರದೇ?” ಎಂದು ಚನ್ನವೀರ ಕೇಳಿದ.

ಗುರುಗಳು ನಕ್ಕರು. “ಕಳಿಸೋಣ, ಅವಸರವೇನು? ಕೂತುಕೋ, ಮೊದಲು ಒಂದು ಕತೆ ಕೇಳು” ಎಂದರು.

ಒಬ್ಬ ನೇಕಾರನಿದ್ದ. ಅವನಿಗೆ ಒಬ್ಬಳೇ ಮಗಳು. ಆ ಮಗುವಿಗೆ ಜ್ವರ ಬಂತು. ಊರಿನ ಮದ್ದು ಯಾವುದೂ ನಾಟಲಿಲ್ಲ. ಮಗು ಉಳಿಯುವ ಆಸೆಯೇ ಕಡಿಮೆಯಾಯಿತು. ಅಷ್ಟರಲ್ಲಿ ದೂರದ ನಾಡಿನ ವೈದ್ಯನೊಬ್ಬ ಆ ದಾರಿಯಲ್ಲಿ ಬಂದ. ನೇಕಾರ ಕೈಕಾಲು ಹಿಡಿದು ಅವನನ್ನು ಮನೆಗೆ ಕರೆತಂದ. ವೈದ್ಯ ನಾಡಿ ನೋಡಿದ, ಬೇರು ಜಜ್ಜಿದ, ಕಷಾಯ ಕಾಸಿ ಬಟ್ಟಲಿಗೆ ಬಗ್ಗಿಸಿದ. ಆಮೇಲೆ ಏನು ಮಾಡಿದ ಗೊತ್ತೇ? ತಾನೇ ಒಂದು ಗುಟುಕು ಕುಡಿದು, ಅದೇ ಬಟ್ಟಲನ್ನು ಮಗುವಿನ ತುಟಿಗೆ ಹಿಡಿದ!

“ಛೀ, ಎಂಜಲು!” ಎಂದು ನೇಕಾರ ಬಟ್ಟಲನ್ನು ತಳ್ಳಿದ. ಕಷಾಯವೆಲ್ಲ ನೆಲದ ಪಾಲಾಯಿತು.

“ನನ್ನನ್ನು ಕೊಲೆಗಡುಕ ಎಂದುಕೊಂಡೆಯಾ?” ಎಂದವನೇ ವೈದ್ಯ ಗಂಟು ಕಟ್ಟಿಕೊಂಡು ಹೊಸ್ತಿಲು ದಾಟಿದ. ಇವನ ಪಾಲಿಗೆ ಅವನು ಸೊಕ್ಕಿನವನು, ಅವನ ಪಾಲಿಗೆ ಇವನು. ನಡುವೆ ಮಗು ನರಳುತ್ತಿತ್ತು.

ನೇಕಾರನ ಹೆಂಡತಿಗೂ ಸಿಟ್ಟು ಬಂದಿತ್ತು. ಬಾರದೆ ಇರುತ್ತದೆಯೇ? ಆದರೆ ಮಗುವಿನ ಮುಖ ನೋಡಿ ಸಿಟ್ಟು ನುಂಗಿಕೊಂಡಳು. ಓಡಿಹೋಗಿ ವೈದ್ಯನಿಗೆ ಅಡ್ಡ ನಿಂತಳು.

“ಅಣ್ಣಾ, ಹೋಗುವುದಾದರೆ ಹೋಗಿ. ಇದೊಂದು ಹೇಳಿ ಹೋಗಿ. ಮಗುವಿನ ಮದ್ದನ್ನು ನೀವೇಕೆ ಕುಡಿದಿರಿ?”

ವೈದ್ಯ ನಿಂತ. ಆ ಊರಿನಲ್ಲಿ ಅವನನ್ನು ಯಾರೂ ಏನನ್ನೂ ಹಾಗೆ ಕೇಳಿರಲಿಲ್ಲ.

“ಅಯ್ಯೋ ತಾಯಿ, ವೈದ್ಯ ಮೊದಲು ಕುಡಿದು ತೋರಿಸದಿದ್ದರೆ ನಮ್ಮಲ್ಲಿ ಯಾರೂ ಮದ್ದು ಮುಟ್ಟುವುದಿಲ್ಲ. ವಿಷವಿದ್ದೀತು ಎಂದು ಹೆದರುತ್ತಾರೆ. ನಿಮ್ಮಲ್ಲಿ ಕುಡಿದರೆ ತಪ್ಪೇನು?”

“ಒಬ್ಬರು ಬಾಯಿಗಿಟ್ಟದ್ದನ್ನು ನಮ್ಮಲ್ಲಿ ಇನ್ನೊಬ್ಬರಿಗೆ ಕೊಡುವುದಿಲ್ಲ.”

“ಇಷ್ಟೇನಾ!” ಎಂದು ವೈದ್ಯ ಮರಳಿ ಒಳಗೆ ಬಂದ. ನೇಕಾರನಿಗೆ ನಾಚಿಕೆಯಾಯಿತು, ತಾನೇ ಕೂತು ಒಲೆ ಊದಿದ. ಈ ಸಲ ಕಷಾಯ ಎರಡು ಬಟ್ಟಲಿಗೆ ಬಿತ್ತು. ಒಂದನ್ನು ವೈದ್ಯ ಕುಡಿದ, ಇನ್ನೊಂದನ್ನು ಮಗು ಕುಡಿಯಿತು. ಬೆಳಗಾಗುವಷ್ಟರಲ್ಲಿ ಜ್ವರ ಬಿಟ್ಟಿತ್ತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಕುತೂಹಲ ತಡೆಯಲಾಗಲಿಲ್ಲ.

“ಹಾಗಾದರೆ ನಮ್ಮ ಹೊಸಬ ಬೆನ್ನು ಹಾಕಿ ಉಣ್ಣುವುದೇಕೆ, ಗುರುಗಳೇ?”

“ನನ್ನನ್ನು ಕೇಳಿದರೆ ನನಗೇನು ಗೊತ್ತು ಮಾರಾಯ, ಅವನು ಪಂಕ್ತಿಯಲ್ಲಿ ಕೂರುವುದು ನಿನ್ನ ಪಕ್ಕದಲ್ಲಲ್ಲವೇ?”