ಅಪಶಕುನಕ್ಕೆ ಗಡೀಪಾರು

"ಇಂದಿನಿಂದ ನನ್ನ ಸೀಮೆಯಲ್ಲಿ ಅಪಶಕುನ ಎಂಬುದೇ ಇರಕೂಡದು!" ಎಂದು ನವಿಲುಗಡದ ಹಾಲಪ್ಪ ನಾಯಕ ತೊಡೆ ತಟ್ಟಿದ. ದಂಡೆತ್ತಿ ಬಂದವರನ್ನೇ ಓಡಿಸಿದ ಶೂರನಿಗೆ ಅಪಶಕುನ ಯಾವ ಲೆಕ್ಕ? ಬೆಕ್ಕು ಅಡ್ಡ ಬಂದರೆ ಮಾತ್ರ ಮೂರು ದಿನ ಮನೆ ಬಿಟ್ಟು ಹೊರಡುತ್ತಿರಲಿಲ್ಲ, ಅಷ್ಟೆ.

"ಶಕುನ ಅಂದರೆ ಹಕ್ಕಿ, ಪ್ರಭು," ಎಂದರು ಆಸ್ಥಾನದ ನರಹರಿ ಜೋಯಿಸರು. "ಹಕ್ಕಿ ಕೆಟ್ಟದಾಗಿ ಕೂಗಿದರೆ ಅಪಶಕುನ. ಈಗ ಹಕ್ಕಿಗಿಂತ ಜನರೇ ಹೆಚ್ಚು ಕೂಗುತ್ತಾರೆ. ಆದ್ದರಿಂದ ಅಪಶಕುನ ಇರುವುದು ಬಾಯಲ್ಲಿ! ಮನೆಯಲ್ಲಿ ಏನಾದರೂ ಮುಗಿದರೆ 'ಇಲ್ಲ' ಅನ್ನಬಾರದು, 'ತುಂಬಿದೆ' ಅನ್ನಬೇಕು. ಬಳೆ 'ಒಡೆಯಿತು' ಅನ್ನಬಾರದು, 'ಹೆಚ್ಚಿತು' ಅನ್ನಬೇಕು. ದೀಪ 'ಆರಿಸು' ಅಂತೂ ಅನ್ನಲೇಬಾರದು, 'ದೊಡ್ಡದು ಮಾಡು' ಅನ್ನಬೇಕು."

ಇದನ್ನೆಲ್ಲ ನಮ್ಮ ಹೆಂಗಸರು ಯಾರೂ ಹೇಳದೆಯೇ ನಡೆಸಿಕೊಂಡು ಬಂದಿದ್ದಾರೆ. ಆದರೂ ನಾಯಕ ಡಂಗುರ ಹೊಡೆಸಿಯೇ ಬಿಟ್ಟ: ಕೆಟ್ಟ ಮಾತು ಆಡಿದವರಿಗೆ ಗಡೀಪಾರು!

ಮರುದಿನವೇ ಅರಮನೆಯ ದೀಪ ನೋಡಿಕೊಳ್ಳುವ ಸಿದ್ದವ್ವ ಸಿಕ್ಕಿಬಿದ್ದಳು. "ಗಾಳಿಗೆ ದೀಪ ಆರಿತು, ಬುದ್ಧಿ" ಅಂದಿದ್ದಳು, ಪಾಪ. ಹೊತ್ತು ಮುಳುಗುವುದರೊಳಗೆ ಗಡಿ ದಾಟಬೇಕೆಂದು ಅಪ್ಪಣೆಯಾಯಿತು.

ನಾಯಕನ ಮುಂದೆ ಧೈರ್ಯವಾಗಿ ಬಾಯಿ ಬಿಡುವವನು ಆಸ್ಥಾನದ ವಿಕಟಕವಿ ತಿಪ್ಪರಸ ಒಬ್ಬನೇ. ಅವಳು ಅಳುತ್ತಾ ಅವನ ಹತ್ತಿರ ಬಂದಳು.

"ಮಗಳು ತುಂಬಿದ ಬಸುರಿ, ಸ್ವಾಮಿ. ಇವತ್ತೋ ನಾಳೆಯೋ ಅನ್ನೋ ಹಾಗಿದಾಳೆ. ನಾನು ಹೋದ್ರೆ ಅವಳನ್ನ ನೋಡೋರು ಯಾರು?"

"ಗಂಟು ಕಟ್ಟಿಕೊಂಡು ಆಸ್ಥಾನದ ಬಾಗಿಲಲ್ಲೇ ನಿಂತಿರವ್ವ," ಎಂದ ತಿಪ್ಪರಸ. "ಹೊತ್ತು ಇನ್ನೂ ಮುಳುಗಿಲ್ಲವಲ್ಲ."

ಅಲ್ಲಿಂದ ನೇರ ಅರಮನೆಯ ಒಳಗೆ ಹೋಗಿ, "ಪ್ರಭುಗಳ ಅಪ್ಪಣೆಯಲ್ಲಿ ಒಂದಕ್ಷರ ತಪ್ಪಿದರೂ ನಿಮಗೆ ಗಡೀಪಾರೇ" ಎಂದು ಆಳುಕಾಳುಗಳನ್ನೆಲ್ಲ ಚೆನ್ನಾಗಿ ಹೆದರಿಸಿ ಬಂದ.

ಮಧ್ಯಾಹ್ನ ನಾಯಕ ಊಟಕ್ಕೆ ಕುಳಿತ. "ತುಪ್ಪ?"

"ತುಂಬಿದೆ, ಪ್ರಭು," ಎಂದ ಅಡುಗೆಯವನು.

"ಭೇಷ್! ಬಡಿಸು."

"ತುಂಬಿದೆ, ಪ್ರಭು."

"ಅದೇ ಕಣೋ, ಬಡಿಸು!"

"ಪೂರ್ತಿ ತುಂಬಿದೆ, ಪ್ರಭು. ಗಡಿಗೆ ತೊಳೆದು ಬೋರಲು ಹಾಕಿದ್ದೀನಿ."

"ಎಂಥ ಶುಭವಾದ ಮಾತು!" ಎಂದು ಜೋಯಿಸರು ತಲೆದೂಗಿದರು. ನಾಯಕ ಬರೀ ಅನ್ನವನ್ನು ಶುಭವಾಗಿ ನುಂಗಿ ಎದ್ದ.

ಊಟವಾದ ಮೇಲೆ ಆಸ್ಥಾನ ಸೇರಿತು. ಜೋಯಿಸರು ನಾಯಕನಿಗೆ ಆರತಿ ಎತ್ತಿದರು. ಕುಂಕುಮ ಇಡಿಸಿಕೊಳ್ಳಲು ಅವನು ತಲೆ ಬಗ್ಗಿಸಿದ್ದೇ ತಡ, ರುಮಾಲಿನ ಕುಚ್ಚಿಗೆ ಕಿಡಿ ಹತ್ತಿತು. ನೋಡಿದವರೆಲ್ಲ ಬಾಯಿ ತೆರೆದರು, ಗಡಿ ನೆನಪಾಗಿ ಗಪ್ಪನೆ ಮುಚ್ಚಿದರು.

ತಿಪ್ಪರಸ ಕೈಮುಗಿದ. "ಪ್ರಭು, ತಮ್ಮ ತಲೆಯ ಮೇಲೆ ಲಕ್ಷ್ಮೀಕಳೆ ಬೆಳಗುತ್ತಿದೆ."

ನಾಯಕ ಮೀಸೆ ತಿರುವಿದ. "ಹೌದೇನು? ಎಲ್ಲರಿಗೂ ಕಾಣುತ್ತಿದೆಯೇ?"

"ಹೊಗೆ ಸಮೇತ ಕಾಣುತ್ತಿದೆ, ಪ್ರಭು."

"ಹೊಗೆಯೇ? ಅಯ್ಯಯ್ಯೋ, ಬೆಂಕಿ! ಆರಿಸ್ರೋ, ಆರಿಸ್ರೋ!"

ಒಬ್ಬರೂ ಕದಲಲಿಲ್ಲ. "ಆ ಮಾತು ಕೂಡದು, ಪ್ರಭು," ಎಂದ ತಿಪ್ಪರಸ. "'ದೊಡ್ಡದು ಮಾಡಿ' ಅಂತ ಅಪ್ಪಣೆಯಾಗಲಿ."

"ಹಾಳಾಗಿಹೋಗಲಿ, ದೊಡ್ಡದು ಮಾಡ್ರೋ!"

ಕಾವಲಿನ ಪೈಲ್ವಾನ ಕೆಂಚನಿಗೆ ಮೈತುಂಬ ಭಕ್ತಿ, ತಲೆಯಲ್ಲಿ ಮಾತ್ರ ಜಾಗ ಕಡಿಮೆ. ಅವನು ಎಣ್ಣೆಯ ಗಿಂಡಿ ಎತ್ತಿಕೊಂಡು ಓಡಿ ಬಂದ!

"ಬೇಡವೋ ನನ್ನಪ್ಪಾ! ಆರಿಸೋ! ಆರಿಸೋ!" ಎಂದು ನಾಯಕ ಸಿಂಹಾಸನದ ಸುತ್ತ ಓಡತೊಡಗಿದ. ಹಿಂದೆ ಕೆಂಚ, ಅವನ ಹಿಂದೆ ಜೋಯಿಸರು.

ಸಿದ್ದವ್ವನಿಗೆ ತಡೆಯಲಾಗಲಿಲ್ಲ. ಗಂಟು ಬಿಸಾಡಿ, ಕಾಲು ತೊಳೆಯಲು ಬಾಗಿಲಲ್ಲಿಟ್ಟಿದ್ದ ಕೊಡವನ್ನೆತ್ತಿ ನಾಯಕನ ತಲೆಯ ಮೇಲೆ ದಬದಬ ಸುರಿದಳು.

"ಆರಿತಾ?" ಎಂದ ನಾಯಕ, ಕಣ್ಣು ಮುಚ್ಚಿಕೊಂಡೇ.

"ಆರಿತು, ಬುದ್ಧಿ."

"ಇನ್ನೊಂದು ಸಲ ಹೇಳವ್ವ."

"ಆರಿತು!"

"ಆಹಾ! ಇಷ್ಟು ಶುಭವಾದ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ!"

"ಆ ಮಾತು ಆಡಿದವರು ಈಗ ಇಬ್ಬರಾದರು, ಪ್ರಭು," ಎಂದ ತಿಪ್ಪರಸ ಮೆಲ್ಲಗೆ. "ಸಿದ್ದವ್ವ ನಡೆದೇ ಗಡಿ ದಾಟುತ್ತಾಳೆ. ತಮಗೆ ಪಲ್ಲಕ್ಕಿ ಹೇಳಲೇ?"

ನಾಯಕ ತೊಟ್ಟಿಕ್ಕುತ್ತಲೇ ಹೊಟ್ಟೆ ಹಿಡಿದು ನಕ್ಕ. ಅಪ್ಪಣೆ ಅಲ್ಲಿಗೇ ರದ್ದಾಯಿತು. ಸಿದ್ದವ್ವನ ಮಗಳು ತುಂಬಿದ ಬಸುರಿಯೆಂದು ತಿಪ್ಪರಸ ತಿಳಿಸಿದ. "ಮನೆಗೆ ಓಡವ್ವ, ಮಗಳನ್ನು ನೋಡಿಕೋ" ಎಂದು ನಾಯಕ ಬಾಣಂತನಕ್ಕೆ ಕೊಬ್ಬರಿ, ಬೆಲ್ಲ, ಎರಡು ಸೀರೆ ಕೊಡಿಸಿದ. ತಿಪ್ಪರಸನ ಕೈಗೆ ತನ್ನ ಕಡಗವನ್ನೇ ತೊಡಿಸಿದ.

ಜೋಯಿಸರು ಪಂಚಾಂಗ ಮಡಚಿ ಮೆಲ್ಲಗೆ ಬಾಗಿಲ ಕಡೆ ಸರಿದರು. ಹೊರಡುವವರು 'ಹೋಗ್ತೀನಿ' ಅಂದರೆ ಅಪಶಕುನವಲ್ಲವೇ? ಅದಕ್ಕೇ, "ನಾನಿನ್ನು ಬರ್ತೀನಿ, ಪ್ರಭು" ಎಂದರು.

ತಿಪ್ಪರಸ ಓಡಿಹೋಗಿ ಅವರ ಎರಡೂ ಕೈ ಹಿಡಿದುಕೊಂಡ.

"ದಮ್ಮಯ್ಯ, ಜೋಯಿಸರೇ! ಅಪಶಕುನವಾದರೆ ಆಗಲಿ, ಇವತ್ತೊಂದು ದಿನ 'ಹೋಗ್ತೀನಿ' ಅಂತಲೇ ಹೇಳಿಬಿಡಿ!"