ಕರಡಿಗೆಯ ಮರೆ

ನೀಲಗಂಗವ್ವನ ಕಿಡ್ನಿ ಎರಡೂ ಸೋತಿದ್ದವು. ವಾರಕ್ಕೆ ಎರಡು ಸಲ ಒಬ್ಬಳೇ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಳು. ಉಳಿದವರ ಮಂಚದ ಬಳಿ ಯಾರಾದರೂ ಕೂತು ಕಾಲು ಒತ್ತುತ್ತಿದ್ದರು. ಆಕೆಯ ಮಂಚದ ಬಳಿ ಆಕೆಯ ಕೈಚೀಲ ಕೂತಿರುತ್ತಿತ್ತು.

ಗಂಡ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ಮಾತಾಡಲು ಇದ್ದದ್ದು ಎದೆಯ ಮೇಲಿನ ಬೆಳ್ಳಿ ಕರಡಿಗೆಯೊಳಗಿನ ಇಷ್ಟಲಿಂಗವೊಂದೇ. ಅದನ್ನು ಮೈಯಿಂದ ಅಗಲಿಸಬೇಡ ಎಂದು ಗುರುಗಳು ಚಿಕ್ಕಂದಿನಲ್ಲೇ ಹೇಳಿದ್ದರು.

ಬರಬರುತ್ತ ಮೂಳೆ ಮೂಳೆ ನೋಯತೊಡಗಿತು. ಕತ್ತಿನಲ್ಲಿ ಕಾಳಿನಷ್ಟು ಇರಬೇಕಾದ ನಾಲ್ಕು ಗ್ರಂಥಿಗಳು ಊದಿಕೊಂಡು ಮೂಳೆಯ ಸುಣ್ಣದಂಶ ಎಳೆಯುತ್ತಿವೆ, ಕಿಡ್ನಿ ಸೋತವರಿಗೆ ಹೀಗಾಗುತ್ತದೆ ಎಂದು ವೈದ್ಯರು ಸ್ಕ್ಯಾನಿಗೆ ಕಳಿಸಿದರು.

“ಮೈಮ್ಯಾಲೆ ಬೆಳ್ಳಿ, ಬಂಗಾರ ಏನಾರ ಐತೇನ್ರಿ?” ಎಂದು ಅಲ್ಲಿ ಕೇಳಿದರು.

“ಏನಿಲ್ಲರಿ,” ಎಂದಳು, ಸೆರಗು ಬಿಗಿದುಕೊಂಡು.

ಚಿತ್ರದಲ್ಲಿ ಮೂರು ಗ್ರಂಥಿ ಕಂಡವು. ನಾಲ್ಕನೆಯದು ಕಾಣಲಿಲ್ಲ. ಅದನ್ನು ಬಿಟ್ಟು ಆಪರೇಶನ್ ಮಾಡಿದರೆ ನೋವು ಮತ್ತೆ ಬರುತ್ತದೆ ಎಂದು ವೈದ್ಯರು ಕಾಯಿಸಿದರು. ಮೂರು ತಿಂಗಳಾಯಿತು. ಈಗ ಆಕೆಗೆ ಹೊಸ್ತಿಲು ದಾಟುವುದೂ ಕಷ್ಟ.

ವೈದ್ಯರು ಮತ್ತೆ ಸ್ಕ್ಯಾನಿಗೆ ಕಳಿಸಿದರು. ಈ ಸಲ ಯಂತ್ರ ನಡೆಸಿದವಳು ಮೆಹರುನ್ನಿಸಾ. ಹಳೆಯ ಚಿತ್ರ ನೋಡಿ ಕೇಳಿದಳು: “ಯವ್ವಾ, ಎದಿ ನಡುವ ನಿಂಬಿಹಣ್ಣಿನಷ್ಟು ಜಾಗ ಮಬ್ಬಾಗೇತಿ. ಏನೋ ಅಡ್ಡ ಇತ್ತು. ಏನದು?”

ನೀಲಗಂಗವ್ವ ಸೆರಗು ಸರಿಸಿ ಕರಡಿಗೆ ತೋರಿಸಿದಳು. “ನನ್ನ ಲಿಂಗಪ್ಪ ಅದಾನ, ತಂಗಿ. ತೆಗದು ಯಾರ ಕೈಯಾಗ ಕೊಡ್ಲಿ? ಹೊರಗ ನನ್ನವರು ಅನ್ನೋರು ಯಾರದಾರ?”

ಮೆಹರುನ್ನಿಸಾ ಬೈಯಲಿಲ್ಲ. “ಪೂಜಿ ಮಾಡುವಾಗ ಎಲ್ಲಿ ಇಟ್ಕೊಂತೀರಿ?”

“ಎಡಗೈ ಅಂಗೈಯಾಗ.”

“ಹಂಗಾರ ಈಗೂ ಅಲ್ಲೇ ಇರಲಿ. ಕೈ ಮಾತ್ರ ಬದಿಗೆ ಚಾಚಿ ಇಡ್ರಿ. ಅಲಗಬ್ಯಾಡ್ರಿ ಮತ್ತ.”

ಅರ್ಧ ತಾಸು ಆಕೆ ಕಣ್ಣು ಮುಚ್ಚಿ ಪೂಜೆಗೆ ಕೂತಂತೆಯೇ ಮಲಗಿದ್ದಳು. ಕೆಲವರಲ್ಲಿ ಒಂದು ಗ್ರಂಥಿ ಹುಟ್ಟಿನಿಂದಲೇ ಕತ್ತು ಬಿಟ್ಟು ಕೆಳಗಿರುತ್ತದೆ; ಆಕೆಗೂ ಹಾಗೆಯೇ, ಕರಡಿಗೆ ಇರುತ್ತಿದ್ದ ಜಾಗದಲ್ಲೇ, ಎದೆಗೂಡಿನೊಳಗೆ, ನಾಲ್ಕನೆಯ ಗ್ರಂಥಿ ಕಂಡಿತು.

“ಇಷ್ಟು ದಿನ ನೋವು ತಿಂದ್ರಲ್ಲ ಯವ್ವಾ, ಒಂದು ಮಾತು ಹೇಳಬಾರದಿತ್ತ?”

“ಕೇಳೋರಿಲ್ಲದ ಮನ್ಯಾಗ ಇದ್ದು ಇದ್ದು, ಹೇಳೋದ ಮರತೈತಿ ತಂಗಿ.”

ನೋಯುವ ಬೆರಳುಗಳಲ್ಲಿ ಆಕೆ ಕರಡಿಗೆಯ ಶಿವದಾರಕ್ಕೆ ಮತ್ತೆ ಗಂಟು ಹಾಕಿಕೊಳ್ಳುವವರೆಗೆ ಮೆಹರುನ್ನಿಸಾ ಬಾಗಿಲು ಹಿಡಿದು ಕಾದಳು.

ನೀತಿ: ಭಕ್ತಿಗೆ ಮುಚ್ಚುಮರೆ ಬೇಕಿಲ್ಲ. ವೈದ್ಯರ ಮುಂದೆ ಇದ್ದದ್ದನ್ನು ಹೇಳಿದರೆ ನೇಮ ಉಳಿಸಿಕೊಳ್ಳುವ ದಾರಿಯೂ ಸಿಗುತ್ತದೆ. ಮುಚ್ಚಿಟ್ಟರೆ ರೋಗಕ್ಕೇ ಮರೆ ಸಿಗುತ್ತದೆ. ಒಬ್ಬರೇ ಬಂದವರನ್ನು ಕಂಡರೆ ಒಂದು ಮಾತು ಹೆಚ್ಚಿಗೆ ಕೇಳಬೇಕು.